ಬೇವಿನ ಗಿಡದ ಕೆಳಗೆ ಕೂತವನು

ಅವತ್ತು ಇಜೇರಿಯಲ್ಲಿ ನನ್ನ ಅಕ್ಕನ ಮನೆಯ ಪಡಸಾಲೆಯಲ್ಲಿ ಐದು ಜನ ಇದ್ದೆವು. ಕಂಬಕ್ಕೆ ಒರಗಿ ನನ್ನ ಭಾವ, ಅಂದರೆ ಅಕ್ಕನ ಗಂಡ. ಅವನ ಎದುರಿಗೆ, ಮಾತು ಮುಗಿಯುವವರೆಗೆ ಏಳುವುದಿಲ್ಲ ಎನ್ನುವಂತೆ ಚಕ್ಕಳಮಕ್ಕಳ ಹಾಕಿ ಕೂತ ಅವನ ಮಗಳು. ಹೊಸ್ತಿಲ ಬಳಿ ಮೊರದಲ್ಲಿ ಜೋಳ ಹಸನು ಮಾಡುತ್ತ ಅಕ್ಕ. ಮೂಲೆಯ ಹೊರಸಿನ ಮೇಲೆ ಭಾವನ ತಾಯಿ. ಕಿವಿ ಮಂದವಾಗಿದ್ದರೂ ತನಗೆ ಬೇಕಾದ ಮಾತನ್ನು ಮಾತ್ರ ಬಿಡದೆ ಕೇಳಿಸಿಕೊಳ್ಳುವ ಮುದುಕಿ. ನಡುವೆ ನಾನು. ಜೇವರ್ಗಿಯಿಂದ ನನ್ನನ್ನು ಕರೆಸಿದ್ದು ಹುಡುಗಿಯೇ. "ಮಾಮಾ, ನೀ ಬಂದು ಸುಮ್ನ ಕೂಡು, ಸಾಕು. ನೀ ಇದ್ರ ಅಪ್ಪ ಜೋರು ಮಾಡಂಗಿಲ್ಲ" ಎಂದು ಫೋನಿನಲ್ಲಿ ಹೇಳಿದ್ದಳು.

ವಿಷಯ ಇಷ್ಟೇ. ಅಂದೋಲಾದ ಆಚೆ ಒಂದು ಸಣ್ಣ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅವಳಿಗೆ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಆ ಹಳ್ಳಿಯ ಹೆಸರು ಇಲ್ಲಿ ಬೇಡ. ಇಜೇರಿಯಿಂದ ಜೇವರ್ಗಿಗೆ ಒಂದು ಬಸ್ಸು, ಅಲ್ಲಿ ಇಳಿದು ಇನ್ನೊಂದು ಬಸ್ಸು. ಒಬ್ಬಳೇ ಹೋಗುವುದು, ಒಬ್ಬಳೇ ಬರುವುದು. ಬಿ.ಎಡ್. ಮುಗಿಸಿದ ಹುಡುಗಿಗೆ ಅದೇನು ದೊಡ್ಡದು ಎಂದು ನೀವು ಕೇಳಬಹುದು. ನನ್ನ ಭಾವನನ್ನು ನೀವು ನೋಡಿಲ್ಲ. ಅವಳು ಜೇವರ್ಗಿಯಲ್ಲಿ ಡಿಗ್ರಿ ಓದುವಾಗ ಅವನೂ ದಿನಾ ಅದೇ ಬಸ್ಸಿನಲ್ಲಿ ಬರುತ್ತಿದ್ದ. ಅವಳನ್ನು ಕಾಲೇಜಿನ ಗೇಟಿಗೆ ಬಿಟ್ಟು, ಬಸ್ ನಿಲ್ದಾಣದ ಎದುರಿಗಿರುವ ನನ್ನ ಟೇಲರ್ ಅಂಗಡಿಗೆ ಬಂದು, ಬೆಂಚಿನ ಮೇಲೆ ಕೂತರೆ ಕಾಲೇಜು ಬಿಡುವವರೆಗೆ ಅಲ್ಲೇ. ಮಳೆಗಾಲದ ಬಿತ್ತನೆ, ತೊಗರಿ ರಾಶಿ ಇದ್ದ ದಿನ ಮಾತ್ರ ಅಕ್ಕ ಬರುತ್ತಿದ್ದಳು. ಕಾಲೇಜಿನ ಹುಡುಗಿಯರು ಭಾವನಿಗೆ 'ಎರಡನೇ ವಾಚ್‌ಮನ್' ಎಂದು ಹೆಸರಿಟ್ಟಿದ್ದರು. ಅವನಿಗೆ ಅದು ಗೊತ್ತಿತ್ತು. ಬೇಸರವೇನೂ ಇರಲಿಲ್ಲ, ಕೆಲಸ ಒಪ್ಪಿಕೊಂಡವನ ಹಾಗೆ ಇನ್ನಷ್ಟು ನೆಟ್ಟಗೆ ಕೂರುತ್ತಿದ್ದ.

"ನಾನೂ ಬರ್ತೇನಿ ದಿನಾ. ಏನಾತು ಈಗ?" ಎಂದ ಭಾವ.

"ಅಪ್ಪಾ, ನಾ ಅಲ್ಲಿ ಟೀಚರ್. ಟೀಚರ್ ಹಿಂದ ಅವರಪ್ಪ ಬಂದು ಕುಂತ್ರ ಒಂದನೇತ್ತೆ ಹುಡುಗ್ರೂ ನಗ್ತಾವ."

"ನಗ್ಲಿ. ನಕ್ಕರ ಏನ್ ಹಲ್ಲು ಉದುರ್ತಾವ?"

"ಅವ್ರ ಹಲ್ಲು ಉದುರಂಗಿಲ್ಲ. ನನ್ನ ಇಜ್ಜತ್ ಉದುರ್ತದ."

ಮುದುಕಿ ಹೊರಸಿನಿಂದ ಕೆಮ್ಮಿದಳು. "ಲೇ, ನೀ ಮೀಸಿ ಬರೂದಕ್ಕಿಂತ ಮೊದಲ ಎತ್ತು ಹೊಡ್ಕೊಂಡು ಬಾಜಾರಕ್ಕ ಒಬ್ಬನ ಹೋಗಿದ್ದಿ. ನಾ ನಿನ್ನ ಬೆನ್ನ ಹಿಂದ ಬಂದಿದ್ನೇನ?"

"ಯವ್ವಾ, ಅದು ಬ್ಯಾರೆ."

"ಏನ್ ಬ್ಯಾರೆ? ನಿನ್ನ ಎತ್ತಿಗೆ ಕೋಡು ಇದ್ವು. ನಿನ್ನ ಮಗಳಿಗೆ ಬಾಯಿ ಅದ."

ಎಲ್ಲರೂ ನಕ್ಕೆವು. ಭಾವ ನಗಲಿಲ್ಲ. ಕಡೆಗೆ ಕರಾರುಗಳಾದವು. ಮುಟ್ಟಿದ ಕೂಡಲೇ ಫೋನು. ಬಸ್ಸಿನಲ್ಲಿ ಕಂಡಕ್ಟರನ ಹತ್ತಿರದ ಸೀಟು. ಆ ಊರಿನಲ್ಲಿ ಯಾರ ಮನೆಗೂ ಚಹಾಕ್ಕೂ ಹೋಗಕೂಡದು. ಸ್ಕೂಟಿಯ ಮಾತು ಎತ್ತಕೂಡದು. ಇಷ್ಟಕ್ಕೆಲ್ಲ ಅವಳು ಹ್ಞೂಂ ಎಂದಳು. ಪ್ರತಿಯಾಗಿ ಅಪ್ಪ ಬರಬಾರದು ಎಂಬುದೊಂದೇ ಅವಳ ಕರಾರು. ಭಾವ ಆಗಲಿ ಎಂಬಂತೆ ತಲೆ ಅಲ್ಲಾಡಿಸಿದ.

ಕೊನೆಯ ಮಾತು ಅಕ್ಕನದು. ಮೊರವನ್ನು ಕೆಳಗಿಟ್ಟು ಹೇಳಿದಳು: "ಒಂದು ಸಣ್ಣ ಮಾತು ನನ್ನ ಕಿವಿಗೆ ಬೀಳಬೇಕು, ಮರುದಿನದಿಂದ ಮನ್ಯಾಗ. ಆಮ್ಯಾಲ ನಿಮ್ಮ ಮಾಮಾ ಅಲ್ಲ, ಅವರಪ್ಪನ್ನ ಕರ್ಕೊಂಡು ಬಂದ್ರೂ ನಾ ಕೇಳಂಗಿಲ್ಲ."

ಹುಡುಗಿ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅವಳ ಕೆಲಸ, ಅವಳ ಬಸ್ಸು, ಅವಳ ದಿನ, ಎಲ್ಲವೂ ಆ ಒಂದು ಸಣ್ಣ ಮಾತಿನ ಮೇಲೆ ನಿಂತಿದ್ದವು.

ಮೊದಲ ವಾರ ಮುಗಿಯುವ ಹೊತ್ತಿಗೆ ಭಾವ ನನ್ನ ಅಂಗಡಿಗೆ ಬಂದ. ಸೊಸೆ ಹತ್ತಿದ ಬಸ್ಸು ಆಗಷ್ಟೇ ನಿಲ್ದಾಣದಿಂದ ಹೊರಬಿದ್ದಿತ್ತು. (ಅಕ್ಕನ ಮಗಳನ್ನು ನಮ್ಮಲ್ಲಿ ಸೊಸೆ ಎಂದೇ ಕರೆಯುವುದು.) ಅಂಗಡಿಯ ಹಿಂದೆ ತಾಡಪಾಲಿನ ಕೆಳಗೆ ನನ್ನ ಹಳೆಯ ಮೋಟರ್ ಸೈಕಲ್ಲು ತುಕ್ಕು ಹಿಡಿಯುತ್ತಿತ್ತು.

"ಗಾಡಿ ಕೊಡು. ಬೀಜದ ಆಫೀಸ್ ತನಕ ಹೋಗಿ ಬರ್ತೇನಿ."

ಕೊಟ್ಟೆ. ಎರಡು ದಿನ ಬಿಟ್ಟು ಮತ್ತೆ ಕೇಳಿದ. ಮತ್ತೆ ಕೊಟ್ಟೆ. ಬೀಜದ ಆಫೀಸಿನ ದಾರಿ ಡಾಂಬರಿನದು. ಗಾಡಿ ಬರುವಾಗ ಚಕ್ರದ ತುಂಬ ಎರೆಮಣ್ಣು ಮೆತ್ತಿಕೊಂಡು ಬರುತ್ತಿತ್ತು. ಮೂರನೆಯ ಸಲ ನಾನು ಚಾವಿಯನ್ನು ಕೈಯಲ್ಲೇ ಹಿಡಿದುಕೊಂಡು ಅವನ ಮುಖ ನೋಡಿದೆ. ಅವನು ಬೆಂಚಿನ ಮೇಲೆ ಕೂತು, ಕಿಸೆಯಿಂದ ಪೇಪರಮಿಂಟು ತೆಗೆದು ಬಾಯಿಗೆ ಹಾಕಿಕೊಂಡ. ಬೀಡಿ ಬಿಟ್ಟಾಗಿನಿಂದ ಅವನ ಕಿಸೆಯಲ್ಲಿ ಪೇಪರಮಿಂಟು ತಪ್ಪುತ್ತಿರಲಿಲ್ಲ.

"ಶಾಲಿ ಎದುರಿಗೆ ಬೇವಿನ ಗಿಡದ ಕಟ್ಟಿ ಅದ" ಎಂದ. "ಅಲ್ಲೇ ಜರಾ ಕೂಡ್ತೇನಿ. ಕಿಟಕ್ಯಾಗ ಕಾಣಸ್ತಾಳ. ಬೋರ್ಡ್ ಮ್ಯಾಲ ಏನ್ ಬರೀತಾಳ ಮಾರಾಯಾ, ಮುತ್ತು ಪೋಣಿಸಿದಂಗ! ನೋಡಿ ಬರ್ತೇನಿ, ಅಷ್ಟ."

"ಅಕಿಗೆ ಗೊತ್ತಾದ್ರ?"

"ಹ್ಯಾಂಗ ಗೊತ್ತಾಗ್ತದ? ಮುಖಕ್ಕ ಟಾವೆಲ್ ಸುತ್ಕೊಂಡಿರ್ತೇನಿ. ಗಾಡಿ ನಿಂದು. ಅಕಿಗೆ ಹೇಳಬ್ಯಾಡ, ನಿನಗ ಕೈ ಮುಗೀತೇನಿ."

ನಮ್ಮ ಕಡೆ ಬಿಸಿಲಿಗೂ ಧೂಳಿಗೂ ಗಾಡಿಯ ಮೇಲೆ ಹೋಗುವವರೆಲ್ಲ ಮುಖಕ್ಕೆ ಟವೆಲು ಸುತ್ತಿಕೊಳ್ಳುತ್ತಾರೆ, ಕಣ್ಣೆರಡೇ ಕಾಣುತ್ತವೆ. ಆದರೆ ಗಾಡಿಯಿಂದ ಇಳಿದ ಮೇಲೂ ಅದನ್ನು ಬಿಚ್ಚದವರು ಕಡಿಮೆ. ಅದನ್ನು ಆಗ ನಾನು ಯೋಚಿಸಲಿಲ್ಲ. ಮಗಳು ತಾನು ಒಬ್ಬಳೇ ಹೋಗುತ್ತಿದ್ದೇನೆ ಎಂದು ತಲೆ ಎತ್ತಿ ನಡೆಯುತ್ತಿದ್ದಳು. ಅಪ್ಪ ಮಗಳು ಕ್ಷೇಮ ಎಂದು ನಿದ್ದೆ ಮಾಡುತ್ತಿದ್ದ. ಇಬ್ಬರಿಗೂ ಸುಖ. ಅಕ್ಕನಿಗೂ ಇದು ಗೊತ್ತಿರಲಿಲ್ಲ. ಹೊಲದಲ್ಲಿ ಕೆಲಸವಿಲ್ಲದ ದಿನ ಭಾವ ಬರುತ್ತಿದ್ದ, ಗಾಡಿ ಒಯ್ಯುತ್ತಿದ್ದ, ಸಂಜೆ ಅವಳ ಬಸ್ಸಿಗಿಂತ ಮೊದಲು ತಂದು ನಿಲ್ಲಿಸುತ್ತಿದ್ದ. ಬಂದವನು ವರದಿ ಒಪ್ಪಿಸುತ್ತಿದ್ದ. ಇವತ್ತು ಬಿಸಿಯೂಟಕ್ಕೆ ಅವಳು ಮಕ್ಕಳ ಜೊತೆಗೇ ಕೂತಳು. ಇವತ್ತು ಯಾರೋ ಒಬ್ಬ ಪಾಲಕನ ಜೊತೆ ಗೇಟಿನಲ್ಲಿ ಗಟ್ಟಿ ದನಿಯಲ್ಲಿ ಮಾತಾಡಿದಳು. ಒಂದು ದಿನ ಹೆಮ್ಮೆಯಿಂದ ಹೇಳಿದ: "ಶಾಲಿ ಬಿಟ್ಟು ಒಂದು ಸಣ್ಣ ಹುಡುಗಿ ಗಿಡದ ಕಡೆ ಬಂದಿತ್ತು. ಪೇಪರಮಿಂಟು ಕೊಟ್ಟು ಕೇಳಿದೆ, ನಿಮ್ಮ ಹೊಸ ಟೀಚರ್ ಊಟ ಮಾಡಿದ್ರೇನ, ಯಾರರ ಅವ್ರ ಕೂಡ ಜಗಳ ಮಾಡ್ತಾರೇನ ಅಂತ. ಭಾಳ ಶಾಣ್ಯಾ ಕೂಸು."

ಆ ಮಾತಿಗೆ ನಾನು ನಕ್ಕಿದ್ದೆ.

ತೊಗರಿ ಹೂ ಬಿಡುವ ಹೊತ್ತಿಗೆ ಆ ಸುದ್ದಿ ಬಂತು. ಎಲ್ಲಿಂದ ಬಂತು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಮಕ್ಕಳ ಕಳ್ಳರು ತಿರುಗುತ್ತಿದ್ದಾರೆ ಎಂಬ ಸುದ್ದಿ. ನನ್ನ ಹೆಂಡತಿಯ ತವರು ಆಳಂದದ ಕಡೆಯ ಕಿಣ್ಣಿ ಸುಲ್ತಾನ. ಅಲ್ಲಿಂದ ಅತ್ತೆಯ ಫೋನು: "ನಿಮ್ಮ ಜೇವರ್ಗಿ ಕಡೆ ಭಾಳ ಆಗ್ಯಾರಂತ, ಮಕ್ಕಳನ್ನ ಹೊರಗ ಬಿಡಬ್ಯಾಡ್ರಿ." ಜೇವರ್ಗಿಯಲ್ಲಿ ನನ್ನ ಗಿರಾಕಿಗಳು, "ನಮ್ಮಲ್ಲಿ ಏನಿಲ್ರಿ, ಎಲ್ಲಾ ಅಫಜಲಪುರದ ಕಡೆ" ಎನ್ನುತ್ತಿದ್ದರು. ಅಫಜಲಪುರದಿಂದ ಬ್ಲೌಸು ಹೊಲಿಸಲು ಬರುವ ಹೆಂಗಸೊಬ್ಬಳು, "ಆಳಂದದಾಗ ಅಂತ್ರಿ, ನಮ್ಮ ಕಡೆ ಇಲ್ಲ" ಎಂದಳು. ಎಲ್ಲರ ಬಾಯಲ್ಲೂ ಕಳ್ಳ ಪಕ್ಕದ ತಾಲ್ಲೂಕಿನಲ್ಲಿದ್ದ. ಕಳುವಾದ ಮಗುವಿನ ತಾಯಿ ಯಾರು ಎಂದು ಹೇಳುವವರು ಒಬ್ಬರೂ ಸಿಗಲಿಲ್ಲ. ಆದರೂ ಸಂಜೆಯಾದರೆ ತಾಯಂದಿರು ಓಣಿಗೆ ಬಂದು ಮಕ್ಕಳನ್ನು ಕೂಗಿ ಒಳಗೆ ಕರೆಯುತ್ತಿದ್ದರು. ಕಸಬರಿಗೆ ಮಾರುವವರು, ಹಳೇ ಕಬ್ಬಿಣ ಕೊಳ್ಳುವವರು ನಮ್ಮ ಓಣಿಗೆ ಬರುವುದನ್ನು ಬಿಟ್ಟರು.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸೊಸೆ ನನ್ನ ಅಂಗಡಿಗೆ ಬಂದಳು. ಊರಿಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ನೀರು ಕುಡಿದು, ದನಿ ತಗ್ಗಿಸಿ ಹೇಳಿದಳು.

"ಮಾಮಾ, ನಮ್ಮ ಶಾಲಿ ಊರಾಗ ಒಬ್ಬವ ಬರಾಕತ್ಯಾನ. ಮುಖ ಮುಚ್ಕೊಂಡಿರ್ತಾನ. ಶಾಲಿ ಕಡೇನ ನೋಡ್ಕೋತ ಕೂಡ್ತಾನಂತ. ಎರಡನೇತ್ತೆ ಹುಡುಗಿಗೆ ಪೇಪರಮಿಂಟು ಕೊಟ್ಟು ನನ್ನ ಬಗ್ಗೆ ಕೇಳ್ಯಾನ."

ನನ್ನ ಕೈಯಲ್ಲಿದ್ದ ಕತ್ತರಿ ಬಟ್ಟೆಯ ನಡುವೆ ನಿಂತಿತು.

"ನೀ ನೋಡೀಯೇನ?"

"ಇಲ್ಲ. ನಾ ಕಿಟಕಿಗೆ ಬೆನ್ನ ಮಾಡಿರ್ತೇನಿ. ಹುಡುಗ್ರು ಹೇಳಿದ್ವು. ನಾ ಹುಡುಗ್ರಿಗೆ ಕಟ್ಟುನಿಟ್ಟಾಗಿ ಹೇಳೇನಿ, ಅಂವ ಮತ್ತ ಕಂಡ್ರ ಒದರ್ರಿ ಅಂತ. ಊರ ಹಿರಿಯರಿಗೂ ಹೇಳೇನಿ. ಅವ್ರು ನೋಡ್ಕೋತೇವಿ ಅಂದಾರ." ನೀರಿನ ಲೋಟ ಕೆಳಗಿಟ್ಟು ಮತ್ತೆ ಹೇಳಿದಳು: "ಮನ್ಯಾಗ ಹೇಳಬ್ಯಾಡ ಮಾಮಾ. ಅವ್ವಗ ಗೊತ್ತಾದ್ರ ನಾಳಿಂದಲೇ ಬಿಡಿಸ್ತಾಳ."

ಅವಳ ಅಪ್ಪನ ಗುಟ್ಟು ನನ್ನ ಒಂದು ಕಿಸೆಯಲ್ಲಿತ್ತು. ಅವಳ ಗುಟ್ಟು ಇನ್ನೊಂದಕ್ಕೆ ಬಂದು ಬಿತ್ತು. ಒಂದನ್ನು ತೆಗೆದು ತೋರಿಸಿದರೆ ಎರಡೂ ಬಯಲಾಗುತ್ತವೆ, ಅವಳ ನೌಕರಿ ಹೋಗುತ್ತದೆ. ಅದಕ್ಕಿಂತ ಭಾವನನ್ನು ತಡೆಯುವುದು ಸುಲಭ ಎಂದುಕೊಂಡು ಮರುದಿನವೇ ಇಜೇರಿಗೆ ಹೋದೆ. ಅವನನ್ನು ಹೊಲದ ಬದುವಿಗೆ ಕರೆದೊಯ್ದು ಹೇಳಿದೆ.

"ಭಾವಾ, ಊರವರು ಹುಡುಕಾಕತ್ತಿದ್ದು ನಿನಗ. ಇನ್ನ ಆ ಕಡೆ ಹೋಗಬ್ಯಾಡ."

ಅವನು ಗಾಬರಿಯಾದ. ಆದರೆ ನಾನು ಎಣಿಸಿದ ಗಾಬರಿ ಅದಲ್ಲ.

"ಏನಂದಿ? ಅಕಿ ಶಾಲಿ ಮುಂದ ಮಕ್ಕಳ ಕಳ್ಳ ಬಂದಾನಾ?"

"ಕಳ್ಳ ಅಲ್ಲ ಮಾರಾಯಾ, ನೀನ! ಬೇವಿನ ಗಿಡ, ಟಾವೆಲು, ಪೇಪರಮಿಂಟು."

"ಅವ್ರು ಏನಂತಾರ? ಅಂವ ಹ್ಯಾಂಗ ಅದಾನಂತ?"

ಸೊಸೆ ಹೇಳಿದ್ದರಲ್ಲಿ ಊರವರ ಮಾತೂ ಸೇರಿತ್ತು. ಆಳು ಎತ್ತರ, ಹಿಂದಿ ಮಾತಾಡುತ್ತಾನೆ, ಹಳ್ಳದ ಆಚೆ ಬಿಳಿ ವ್ಯಾನು ನಿಲ್ಲಿಸಿರುತ್ತಾನೆ, ಒಳಗೆ ಇನ್ನಿಬ್ಬರು ಇರುತ್ತಾರೆ. ಅದನ್ನೂ ಹೇಳಿದೆ, ಹೇಳಬಾರದಿತ್ತು. ಭಾವ ನನ್ನ ಭುಜಕ್ಕೆ ಬರುವ ಆಳು. ಹಿಂದಿಯಲ್ಲಿ ಅವನಿಗೆ ಬರುವುದು ಬಸ್ ನಿಲ್ದಾಣದ ನಾಲ್ಕು ಮಾತು.

"ಮತ್ತ!" ಎಂದ, ಗೆದ್ದವನ ಹಾಗೆ. "ನಾ ಎತ್ತರ ಅದೇನೇನ? ನನ್ನ ಹಂತೇಕ ವ್ಯಾನ್ ಅದ ಏನ? ಇಂವ ಬ್ಯಾರೆ ಯಾವನೋ ಅದಾನ. ನಾ ಇಲ್ಲದ ದಿನ ನೋಡಿ ಬರ್ತಾನ. ಚಲೋ ಆತು ನೀ ಹೇಳಿದ್ದು."

ಎಷ್ಟು ಹೇಳಿದರೂ ಅವನ ತಲೆಗೆ ಅದು ಇಳಿಯಲಿಲ್ಲ. ಮಗಳನ್ನು ಕಾಯುವವನೇ ಊರಿನ ಕಣ್ಣಿಗೆ ಕಳ್ಳನಾಗಿ ಕಾಣಬಹುದು ಎಂಬುದು ಅವನ ಲೆಕ್ಕಕ್ಕೇ ಬಾರದ ಸಂಗತಿ. ಕೊನೆಗೆ ನಾನು ಅವನ ಮಗಳ ಮೇಲೆ ಆಣೆ ಮಾಡಿಸಿ, ಅವನ ಕಿಸೆಯಲ್ಲೇ ಉಳಿದಿದ್ದ ಗಾಡಿಯ ಚಾವಿ ಇಸಕೊಂಡೆ. ಕೊಟ್ಟ. ಅಷ್ಟು ಸುಲಭವಾಗಿ ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು. ಆ ಗಾಡಿಗೆ ಯಾವ ಚಾವಿ ಹಾಕಿದರೂ ಹೊರಳುತ್ತಿತ್ತು. ಮನೆಯ ಟ್ರಂಕಿನ ಚಾವಿಯಿಂದಲೂ ಒಮ್ಮೆ ನಾನೇ ಚಾಲೂ ಮಾಡಿದ್ದೆ.

ಸೋಮವಾರ ಬೆಳಿಗ್ಗೆ ಸೊಸೆ ಅಂಗಡಿಯ ಮುಂದೆ ಹಾದು ಕೈ ಮಾಡಿ ತನ್ನ ಬಸ್ಸು ಹತ್ತಿದಳು. ಆಮೇಲೆ ನಾನು ಒಂದು ಮದುವೆ ಮನೆಯ ಬಟ್ಟೆ ಹರಡಿಕೊಂಡು ಕೂತೆ. ಬಿಸಿಲೇರುವ ಹೊತ್ತಿಗೆ ಫೋನು ಕುಂಯ್ ಎಂದಿತು. ವಾಟ್ಸಾಪಿನಲ್ಲಿ ಒಂದು ಫೋಟೊ. ಕೆಳಗೆ, 'ಮಕ್ಕಳ ಕಳ್ಳನ ಗಾಡಿ, ಎಲ್ಲಾ ಗ್ರೂಪಿಗೆ ಕಳಿಸಿ, ಹುಷಾರಾಗಿರಿ' ಎಂಬ ಬರಹ. ಬೇವಿನ ಗಿಡ, ಕಟ್ಟೆ, ಅದಕ್ಕೆ ಆನಿಸಿ ನಿಲ್ಲಿಸಿದ ಮೋಟರ್ ಸೈಕಲ್ಲು. ಸೀಟಿನ ಹರಿದ ಮೂಲೆಗೆ ಹಸಿರು ಬಟ್ಟೆಯ ತೇಪೆ ಇತ್ತು. ಆ ತೇಪೆ ನಾನೇ ಹಾಕಿದ್ದು.

ಅಂಗಡಿಯ ಹಿಂದೆ ಓಡಿದೆ. ತಾಡಪಾಲು ನೆಲದ ಮೇಲಿತ್ತು.

ಭಾವನಿಗೆ ಫೋನು ಮಾಡಿದೆ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಸೊಸೆಗೆ ಮಾಡಿದೆ. ಪಾಠದ ಹೊತ್ತಿನಲ್ಲಿ ಅವಳು ಫೋನಿನ ಸದ್ದು ಅಡಗಿಸಿ ಚೀಲದಲ್ಲಿ ಇಟ್ಟಿರುತ್ತಾಳೆ. ಅಂಗಡಿಯನ್ನು ಹಾಗೇ ತೆರೆದು ಬಿಟ್ಟು ನಿಲ್ದಾಣದ ಎದುರಿನ ಆಟೊ ಹತ್ತಿದೆ. ಆಟೊದವನು ನನಗೆ ಮುಖಪರಿಚಯದವನು. ಊರಿನ ಹೆಸರು ಹೇಳಿದ ಕೂಡಲೇ ತಿರುಗಿ ನೋಡಿ ಹಲ್ಲು ಕಿರಿದ.

"ಕಳ್ಳನ್ನ ನೋಡಾಕ ಹೊಂಟೀರೇನ್ರಿ? ನನಗೂ ಫೋಟೊ ಬಂದದ."

"ಜಲ್ದಿ ನಡಿ."

"ನಡೀರಿ. ಸಿಕ್ಕಿದ್ರ ನಾನೂ ಎರಡು ಬಿಡ್ತೇನಿ. ನನಗೂ ಎರಡು ಮಕ್ಕಳದಾವ."

ಅವನು ಕೆಟ್ಟವನಲ್ಲ. ಹಬ್ಬಕ್ಕೆ ಅವನ ಮಕ್ಕಳ ಅಂಗಿ ಹೊಲಿದುಕೊಟ್ಟವನು ನಾನೇ. ದಾರಿಯುದ್ದಕ್ಕೂ ಅವನು ಕಳ್ಳರ ಕಥೆ ಹೇಳುತ್ತ ಹೋದ. ಎರಡೂ ಬದಿಗೆ ತೊಗರಿ ಹಳದಿಯಾಗಿ ನಿಂತಿತ್ತು. ಹೊಲಗಳಲ್ಲಿ ಒಬ್ಬ ಆಳೂ ಕಾಣಲಿಲ್ಲ. ಕೆಲಸದ ಹೊತ್ತಿನಲ್ಲಿ ಹೊಲ ಖಾಲಿ ಇದ್ದದ್ದು ಯಾಕೆ ಎಂದು ಊರ ಹತ್ತಿರ ಬಂದಾಗ ತಿಳಿಯಿತು. ಎಲ್ಲರೂ ಗಿಡದ ಕೆಳಗಿದ್ದರು.

ಗಾಡಿ ಮಗ್ಗುಲಾಗಿ ಬಿದ್ದಿತ್ತು. ಪೆಟ್ರೋಲು ಸೋರಿ ಮಣ್ಣು ಕಪ್ಪಾಗಿತ್ತು. ಶಾಲೆಯ ಗೇಟಿಗೆ ಒಳಗಿನಿಂದ ಬೀಗ ಹಾಕಿದ್ದರು. ಕಿಟಕಿಯ ಸರಳುಗಳ ಹಿಂದೆ ಮಕ್ಕಳ ಮುಖಗಳು. ನಾನು ಜನರನ್ನು ತಳ್ಳಿಕೊಂಡು ನುಗ್ಗಿದೆ. ಭಾವ ಕಟ್ಟೆಗೆ ಬೆನ್ನು ಹಚ್ಚಿ ಕುಕ್ಕರಗಾಲಿನಲ್ಲಿ ಕೂತಿದ್ದ. ತಲೆಯನ್ನು ಕಾಯ್ದುಕೊಳ್ಳುವ ಬದಲು ಎರಡೂ ಕೈಯಿಂದ ಮುಖದ ಟವೆಲನ್ನು ಬಿಗಿಯಾಗಿ ಹಿಡಿದಿದ್ದ.

"ಹೆಸರು ಹೇಳಲೇ!" ಎಂದು ಬಾರಕೋಲು ಹಿಡಿದವನೊಬ್ಬ ಕೂಗುತ್ತಿದ್ದ.

ಭಾವ ತಲೆ ತಗ್ಗಿಸಿ ಟವೆಲನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ.

"ಯಾವ ಊರು? ಯಾರ ಮನಿಗೆ ಬಂದಿ?"

"ನೆಳ್ಳಿಗೆ ಕುಂತಿದ್ನಿ."

"ನೆಳ್ಳಿಗೆ ಕುಂತವ ಮುಖ ಯಾಕ ಮುಚ್ಕೊಂಡಿ? ತೆಗಿ ಟಾವೆಲು!"

ಬಾರಕೋಲಿನ ಹಿಡಿ ಅವನ ಬಲಗೈಯ ಮೇಲೆ ಬಿತ್ತು. ಕೈ ಬಿಡಲಿಲ್ಲ. ಇನ್ನೊಮ್ಮೆ ಬಿತ್ತು. ಆಗಲೂ ಬಿಡಲಿಲ್ಲ. ಇಷ್ಟು ಜನರ ನಡುವೆ ಅವನನ್ನು ಉಳಿಸಬಹುದಾದ್ದು ಒಂದೇ ಮಾತು, ನಾನು ಟೀಚರಿನ ಅಪ್ಪ ಎಂಬುದು. ಆ ಮಾತು ಆಡಿದರೆ ಮಗಳಿಗೆ ಗೊತ್ತಾಗುತ್ತದೆ, ಊರು ನಗುತ್ತದೆ, ಮಗಳ ನೌಕರಿ ಮುಗಿಯುತ್ತದೆ. ಅದಕ್ಕೆ ಅವನು ಹೊಡೆಸಿಕೊಳ್ಳುತ್ತಿದ್ದ.

ನಾನು ಕಿರುಚಿದೆ: "ಬಿಡ್ರೋ! ನಮ್ಮವರದಾರ, ಕಳ್ಳರಲ್ಲ! ಗಾಡಿ ನಂದು!"

ತಪ್ಪಾಯಿತು. "ಗಾಡಿ ಇವಂದಂತ! ಇಂವ ಜೋಡೀದಾರ!" ಎಂದು ಹಿಂದಿನಿಂದ ಯಾರೋ ನನ್ನ ಕಾಲರು ಹಿಡಿದರು. ನನ್ನನ್ನು ಕರೆತಂದ ಆಟೊದವನು ಗುಂಪಿನ ಅಂಚಿನಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದ. ಅವನು ನನ್ನ ಹೆಸರು ಬಲ್ಲವನು. ಹೇಳಲಿಲ್ಲ. ಹಿಂದೆ ಹಿಂದೆ ಸರಿದ.

ಅಷ್ಟರಲ್ಲಿ ಗೇಟಿನ ಬೀಗ ತೆಗೆದ ಸದ್ದಾಯಿತು. ಊರ ಹಿರಿಯನೊಬ್ಬ ಸೊಸೆಯನ್ನು ಕರೆದುಕೊಂಡು ಬರುತ್ತಿದ್ದ. "ಬರ್ರಿ ಅಕ್ಕೋರೆ, ಹೆದರಬ್ಯಾಡ್ರಿ. ನೀವು ಹೇಳಿದವ ಸಿಕ್ಕಾನ. ಕೂಸಿಗೆ ಗುರ್ತು ಕೇಳ್ರಿ." ಅವಳ ಕೈ ಹಿಡಿದು ಒಂದು ಪುಟ್ಟ ಹುಡುಗಿ ನಡೆಯುತ್ತಿತ್ತು. ಆ ಮಗು ಭಾವನನ್ನು ನೋಡಿ, "ಹ್ಞೂಂ, ಇಂವನ" ಎಂದಿತು. ಗುಂಪು ಒಮ್ಮೆಲೇ ಹತ್ತಿರ ಸರಿಯಿತು.

ಸೊಸೆ ಮೊದಲು ನನ್ನನ್ನು ನೋಡಿದಳು. ನಾನಿಲ್ಲಿ ಯಾಕೆ ಎಂದು ಅವಳಿಗೆ ತಿಳಿಯಲಿಲ್ಲ. ಆಮೇಲೆ ಟವೆಲು ಹಿಡಿದ ಕೈಗಳನ್ನು ನೋಡಿದಳು. ಅಪ್ಪನ ಕೈ ಮಗಳಿಗೆ ಗೊತ್ತಾಗದಿರುತ್ತದೆಯೇ?

"ಬಿಡ್ರಿ" ಎಂದಳು. "ಅವ್ರು ನಮ್ಮ ಅಪ್ಪ."

ಯಾರೂ ನಂಬಲಿಲ್ಲ. "ಅಕ್ಕೋರಿಗೆ ಕರಳು ಚುರ್ ಅಂತು" ಎಂದು ಒಬ್ಬ ನಕ್ಕ. ಬಾರಕೋಲಿನವನು ಕೇಳಿದ: "ಅಪ್ಪ ಆದ್ರ ಮಗಳ ಶಾಲಿ ಮುಂದ ಮುಖ ಯಾಕ ಮುಚ್ಕೊಂಡು ಕೂಡ್ತಾನ್ರಿ?"

ಅವಳು ಉತ್ತರ ಹೇಳುವ ಮೊದಲು ಒಮ್ಮೆ ಶಾಲೆಯ ಕಡೆ ತಿರುಗಿ ನೋಡಿದಳು. ಕಿಟಕಿಯಿಂದ ಅವಳ ತರಗತಿಯ ಮಕ್ಕಳು ನೋಡುತ್ತಿದ್ದರು.

"ನಾ ಒಬ್ಬಾಕಿನ ಬರೂದು ಹೋಗೂದು ಮಾಡ್ತೇನಂತ ತಿಳಿದಿದ್ದೆ" ಎಂದಳು. ದನಿ ಗಟ್ಟಿಯಾಗಿತ್ತು, ತರಗತಿಯಲ್ಲಿ ಪಾಠ ಹೇಳುವ ದನಿ. "ಇವ್ರು ನನ್ನ ಹಿಂದ ಬರಾಕತ್ತಾರಂತ ನನಗ ಗೊತ್ತಿರಲಿಲ್ಲ. ಮಗಳ ಮ್ಯಾಲ ಜೀವ ಇವ್ರಿಗೆ. ಮಗಳು ಒಬ್ಬಾಕಿ ಬರ್ತಾಳಂದ್ರ ಭರೋಸಾ ಇಲ್ಲ. ಅದಕ್ಕ ಬಂದು ಕೂಡ್ತಾರ. ನನಗ ಗುರ್ತು ಹತ್ತಬಾರದಂತ ಮುಖ ಮುಚ್ಕೊಂಡಾರ. ಇನ್ನ ಏನ್ ಹೇಳ್ಲಿ ನಿಮಗ?"

ಹೇಳಿ ಅವನ ಮುಂದೆ ಮೊಣಕಾಲೂರಿ ಕೂತಳು. "ಬಿಡಪ್ಪಾ" ಎಂದಳು. ಆಗ ಅವನ ಎಡಗೈ ಸಡಿಲವಾಯಿತು. ಬಲಗೈಯ ಬೆರಳುಗಳು ತಾವಾಗಿ ತೆರೆಯಲಿಲ್ಲ. ಅವಳೇ ಒಂದೊಂದನ್ನೂ ಬಿಡಿಸಿದಳು. ಟವೆಲಿನ ಕೆಳಗಿದ್ದ ಮುಖ ಅವಳ ಮುಖದ್ದೇ ಅಚ್ಚು. ಅದನ್ನು ನೋಡಿದ ಮೇಲೆ ಬಾರಕೋಲು ಕೆಳಗಿಳಿಯಿತು. ನನ್ನ ಕಾಲರು ಹಿಡಿದವರು ಯಾವಾಗ ಬಿಟ್ಟರೋ ತಿಳಿಯಲಿಲ್ಲ. ಗುಂಪು ಅಂಚಿನಿಂದ ಕರಗತೊಡಗಿತು. ಹಿರಿಯನು ಚರಿಗೆಯಲ್ಲಿ ನೀರು ತರಿಸಿ ಭಾವನ ಮುಂದಿಟ್ಟ. ಇಟ್ಟು, "ಮುಖ ಮುಚ್ಕೊಂಡಿದ್ದಕ್ಕ ಹಿಂಗಾತು ನೋಡ್ರಿ. ಮೊದಲ ಒಂದು ಮಾತು ಹೇಳಬಾರದೇನ್ರಿ?" ಎಂದ. ತಪ್ಪಾಯಿತು ಎಂದು ಒಬ್ಬರ ಬಾಯಿಂದಲೂ ಬರಲಿಲ್ಲ.

ಅದೇ ಆಟೊದಲ್ಲಿ ಜೇವರ್ಗಿಯ ದವಾಖಾನೆಗೆ ಬಂದೆವು. ಬರುವಾಗ ಆಟೊದವನು ಕಳ್ಳರ ಕಥೆ ಹೇಳಲಿಲ್ಲ, ಬಾಡಿಗೆಯನ್ನೂ ಕೇಳಲಿಲ್ಲ. ನಡುದಾರಿಯಲ್ಲಿ ಭಾವ ಮಗಳಿಗೆ ಹೇಳಿದ.

"ನಿಮ್ಮವ್ವಗ ಗಾಡಿ ಮ್ಯಾಲಿಂದ ಬಿದ್ದೆ ಅಂತ ಹೇಳೂಣು. ಇಲ್ಲಂದ್ರ ನಿನಗ ಬಿಡಿಸ್ತಾಳ."

ಮಗಳು ತಟ್ಟನೆ ಅವನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ಇಲ್ಲಪ್ಪಾ. ಇದ್ದದ್ದು ಇದ್ದಂಗ ಹೇಳೂದು. ಮುಚ್ಚಿಟ್ಟಿದ್ದು ಸಾಕು" ಎಂದು ಹೊರಗೆ ನೋಡತೊಡಗಿದಳು.

ಮನೆಯಲ್ಲಿ ಇದ್ದದ್ದನ್ನು ಇದ್ದಂತೆಯೇ ಹೇಳಿದಳು. ಅಕ್ಕ ಗಂಡನ ಪ್ಲಾಸ್ಟರು ಹಾಕಿದ ಕೈಯನ್ನು ನೋಡಿ, ನನ್ನನ್ನು ನೋಡಿ, ಅಂದು ನನಗೆ ಏನೇನು ಅನ್ನಬೇಕೋ ಎಲ್ಲ ಅಂದಳು. ಆಮೇಲೆ ಮಗಳಿಗೆ ಹೇಳಿದಳು: "ಮುಗೀತಲ್ಲ? ನಾಳಿಂದ ಮನ್ಯಾಗ."

"ನಾಳೆ ಹೋಗ್ತೇನವ್ವಾ."

"ನಿಮ್ಮಪ್ಪನ ಕೈ ಮುರಿದವರ ಮಕ್ಕಳಿಗೆ ಅಕ್ಷರ ಕಲಿಸ್ತೀ ಏನ?"

"ಮಕ್ಕಳೇನು ಹೊಡದಿಲ್ಲ. ನಾ ಇವತ್ತು ಅಲ್ಲಿ ಇರಲಿಲ್ಲಂದ್ರ ಅಪ್ಪನ್ನ ಹೊತ್ಕೊಂಡು ಬರಬೇಕಿತ್ತು. ಅದನ್ನರ ತಿಳ್ಕೋ."

ಅಕ್ಕ ಗಂಡನ ಕಡೆ ತಿರುಗಿದಳು. ಅವನು ತನ್ನ ಪರವಾಗಿ ಇರುತ್ತಾನೆ ಎಂದು ಅವಳಿಗೆ ಖಾತ್ರಿ ಇತ್ತು. ಭಾವ ಗೋಡೆ ನೋಡುತ್ತ, "ಹೋಗ್ಲಿ ಬಿಡು" ಎಂದ. ಮುದುಕಿ ಹೊರಸಿನ ಮೇಲೆ ಮಗ್ಗುಲು ಬದಲಿಸಿದಳು. ಅಂದು ಅವಳೂ ತಮಾಷೆ ಮಾಡಲಿಲ್ಲ.

ಸೊಸೆ ಶಾಲೆಗೆ ಹೋದಳು. ಮರುದಿನ, ಅದರ ಮರುದಿನ, ವರ್ಷದ ಕೊನೆಯವರೆಗೂ. ಮೊದಲ ಕೆಲವು ದಿನ ಆ ಊರಿನ ಹೆಂಗಸರು ಅವಳನ್ನು ಕಂಡು ಬಾಗಿಲೊಳಗೆ ಸರಿಯುತ್ತಿದ್ದರಂತೆ. ಬಾರಕೋಲಿನವನ ಮಗ ಅವಳ ತರಗತಿಯಲ್ಲೇ ಇದ್ದ. ಅವನಿಗೆ ಮಗ್ಗಿ ಬರುತ್ತಿರಲಿಲ್ಲ, ಕಲಿಸಿದಳು. ಊರ ಹಿರಿಯರು ಒಂದು ಭಾನುವಾರ ಇಜೇರಿಗೆ ಬಂದು ಕಾಯಿ, ಶಾಲು ಇಟ್ಟು ಹೋದರು. ಭಾವ ಚಹಾ ಕುಡಿಸಿ ಕಳಿಸಿದ. ಅವರು ಹೋದ ಮೇಲೆ ಬಾಗಿಲು ಹಾಕಿ ಅಗಳಿ ಜಡಿದ. ಹಗಲಿನಲ್ಲಿ ಅವನು ಅಗಳಿ ಹಾಕಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆ ಫೋಟೊ ಮಾತ್ರ ಸಾಯಲಿಲ್ಲ. ಅಪ್ಪ ಮಗಳ ಸುದ್ದಿ ಆ ಹಳ್ಳಿಯ ಹಳ್ಳ ದಾಟಲಿಲ್ಲ. ಫೋಟೊ ತಾಲ್ಲೂಕುಗಳನ್ನು ದಾಟಿತು. ಕಿಣ್ಣಿ ಸುಲ್ತಾನದಿಂದ ನನ್ನ ಅತ್ತೆಯೇ ನನಗೆ ಅದನ್ನು ಕಳಿಸಿದರು, ಹುಷಾರಾಗಿರಿ ಎಂದು. ಗಾಡಿ ನನ್ನದು ಎಂದು ಹೇಳಿದರೆ ಅವರಿಗೆ ಸಿಟ್ಟು ಬಂತು: ಇಂಥಾದ್ದರಾಗ ಚೇಷ್ಟಿ ಮಾಡಬಾರದಂತೆ. ನಾನು ಗಾಡಿಯನ್ನು ಬಿಚ್ಚಿಸಿ ಗುಜರಿಗೆ ಹಾಕಿಸಿದೆ. ಕೆಲವು ವಾರಗಳ ಮೇಲೆ ಇನ್ನೆಲ್ಲೋ ಒಂದು ಊರಲ್ಲಿ ಚಾದರ ಮಾರುವ ಪರದೇಶಿಯೊಬ್ಬನನ್ನು ಜನ ಹಿಡಿದು ಬಡಿದರೆಂದು ಕೇಳಿದೆವು. ಅವನು ಯಾರೆಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಭಾವ ಆ ಸುದ್ದಿಯನ್ನು ನನ್ನಿಂದ ಎರಡೆರಡು ಸಲ ಹೇಳಿಸಿಕೊಂಡ.

ಜೂನಿನಲ್ಲಿ ಸೊಸೆಗೆ ಅಫಜಲಪುರದ ಕಡೆಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ದಿನಾ ಹೋಗಿ ಬರುವ ದೂರವಲ್ಲ. ಅಫಜಲಪುರದಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿದಳು. ಈ ಸಲ ಯಾರನ್ನೂ ಕೂಡಿಸಿ ಕೇಳಲಿಲ್ಲ. ಹಿಡಿದಿದ್ದೇನೆ ಎಂದು ಹೇಳಿದಳು, ಅಷ್ಟೆ. ಸಾಮಾನು ಇಳಿಸಿ ಬರಲು ಅಕ್ಕನೂ ನಾನೂ ಹೊರಟೆವು. ಭಾವ ಬಸ್ಸಿನ ಬಾಗಿಲವರೆಗೆ ಬಂದ. ಹಾಸಿಗೆಯ ಗಂಟನ್ನು ಎಡಗೈಯಿಂದ ಎತ್ತಿ ಮಗಳಿಗೆ ಕೊಟ್ಟ. ಬಸ್ಸು ಹೊರಡುವ ಮೊದಲೇ ಮನೆಯ ಕಡೆ ತಿರುಗಿ ನಡೆದ.